ಲಸಿಕೆಯ ಸರದಿಯಲ್ಲಿ ಮುಖಂಡರು ಮೊದಲು ನಿಲ್ಲಲಿ

ಸಾಂಕ್ರಾಮಿಕ ರೋಗ ಬಂದಾಗ ಲಸಿಕೆ ಚುಚ್ಚುವುದು ಆರೋಗ್ಯ ಇಲಾಖೆಯ ಕೆಲಸ. ಆದರೆ ಜನ ನಂಬಿಕೆಯಿಂದ ತೋಳು ಚಾಚುವಂತೆ ಮಾಡುವುದು ಯಾರ ಕೆಲಸ? ಅದೂ ದಾದಿಯರ ಮತ್ತು ಆಶಾ ಕಾರ್ಯಕರ್ತೆಯರ ಹೊಣೆಯೆಂದೇ ನಾವು ತಿಳಿದುಕೊಂಡಿದ್ದೇವೆ. ನಾವು ಮತ ಹಾಕಿ ಆರಿಸಿದ ಪ್ರತಿನಿಧಿಗಳ ಹೊಣೆ ಅದಕ್ಕಿಂತ ಕಡಿಮೆಯದಲ್ಲ, ಒಂದು ರೀತಿಯಲ್ಲಿ ಹೆಚ್ಚಿನದೇ ಎಂಬುದು ನನ್ನ ಅಭಿಪ್ರಾಯ.

ಕೃಷಿ ಪುಟದಲ್ಲಿ ಈ ವಿಷಯ ಏಕೆ ಎಂದು ಓದುಗರು ಕೇಳಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಸೊಪ್ಪಿನ ಬೆಟ್ಟಕ್ಕೆ ಹೋಗದೆ ತೋಟವಿಲ್ಲ, ಕಾಡಿಗೆ ಬಿಡದೆ ದನವಿಲ್ಲ. ಆ ಬೆಟ್ಟದಲ್ಲೇ ಮಂಗನ ಕಾಯಿಲೆಯೂ ಇದೆ. ಅದರ ಹಳೆಯ ಲಸಿಕೆ ನಿಂತಿದೆ, ಹೊಸದು ತಯಾರಾಗುತ್ತಿದೆ. ಆದ್ದರಿಂದ ಈ ಮಾತನ್ನು ಈಗಲೇ ಆಡುವುದು ಒಳ್ಳೆಯದು.

ಮದ್ದು ಹೊಡೆಯುವ ಹದ

ಕೊಳೆರೋಗದ ಮದ್ದನ್ನು ಯಾವಾಗ ಹೊಡೆಯಬೇಕೆಂದು ನಮ್ಮ ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಶೇಕಡಾ 1ರ ಬೋರ್ಡೋ ದ್ರಾವಣ ಕೊನೆಗೆ ತಾಗಬೇಕು. 40-45 ದಿನಗಳ ನಂತರ ಇನ್ನೊಮ್ಮೆ ಹೊಡೆಯಬೇಕು. ಕಾಯಿ ಉದುರತೊಡಗಿದ ಮೇಲೆ ಕೊನೆಗೌಡನನ್ನು ಹುಡುಕಿಕೊಂಡು ಹೊರಟರೆ ಅಷ್ಟರಲ್ಲಿ ಫಸಲು ನೆಲ ಕಂಡಿರುತ್ತದೆ. ಲಸಿಕೆಯೂ ಇದೇ ಜಾತಿಯದು. ರೋಗ ಬಂದ ಮೇಲೆ ಕೊಡುವ ಔಷಧಿ ಅದಲ್ಲ. ಬಾರದಿರಲೆಂದು ಮೊದಲೇ ಹಾಕುವ ಬೇಲಿ. ಹೆಚ್ಚಿನ ಲಸಿಕೆಗಳಲ್ಲಿ ಎರಡನೆಯ ಸುತ್ತನ್ನೂ ತಪ್ಪಿಸುವಂತಿಲ್ಲ.

ನೆರೆಯವನು ಮದ್ದು ಹೊಡೆಯದೆ ಬಿಟ್ಟ ತೋಟದಿಂದ ನಮ್ಮ ತೋಟಕ್ಕೂ ಕೊಳೆ ಬರುತ್ತದೆ ಎಂಬುದೂ ಬೆಳೆಗಾರರಿಗೆ ಗೊತ್ತು. ಕೋವಿಡ್, ಸಿಡುಬು, ಪೋಲಿಯೋದಂತೆ ಒಬ್ಬರಿಂದೊಬ್ಬರಿಗೆ ಹರಡುವ ರೋಗಗಳಿಗೂ ಈ ಮಾತು ಸಲ್ಲುತ್ತದೆ. ದನಗಳ ದೊಡ್ಡರೋಗವನ್ನು ನೆನಪಿಸಿಕೊಳ್ಳಿ. ಒಂದು ಕಾಲಕ್ಕೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುವಂತೆ ಮಾಡುತ್ತಿದ್ದ ಆ ರೋಗ ಊರೂರಿನ ದನಕ್ಕೆ ಲಸಿಕೆ ಹಾಕಿದ್ದರಿಂದ ನಮ್ಮ ದೇಶದಿಂದ ಹೋಯಿತು. 2011ರಲ್ಲಿ ಇಡೀ ಜಗತ್ತಿನಿಂದಲೇ ಅಳಿದುಹೋಯಿತೆಂದು ಘೋಷಿಸಲಾಯಿತು. ದನ ಲಸಿಕೆಯನ್ನು ಬೇಡವೆನ್ನುವುದಿಲ್ಲ. ಹಗ್ಗ ಹಿಡಿದ ಯಜಮಾನ ಒಪ್ಪಿದರೆ ಸಾಕು. ಮನುಷ್ಯನ ವಿಷಯದಲ್ಲಿ ಅವನೇ ಒಪ್ಪಬೇಕು. ಒಪ್ಪಿಗೆ ಹುಟ್ಟುವುದು ನಂಬಿಕೆಯಿಂದ.

ಪ್ರಾತ್ಯಕ್ಷಿಕೆ ತಾಕಿನ ಪಾಠ

ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದನ್ನು ನಮ್ಮ ಕೃಷಿ ವಿಸ್ತರಣಾ ಕೆಲಸ ಚೆನ್ನಾಗಿ ಕಲಿಸಿದೆ. ಹೊಸ ಭತ್ತದ ತಳಿಯೊಂದು ಬಂತೆನ್ನಿ. ನಾವು ಕರಪತ್ರ ಹಂಚುತ್ತೇವೆ, ಸಭೆ ಮಾಡುತ್ತೇವೆ, ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಲೆಕ್ಕ ಹೇಳುತ್ತೇವೆ. ರೈತ ತಲೆಯಾಡಿಸಿ ಮನೆಗೆ ಹೋಗಿ ಹಳೆಯ ಬೀಜವನ್ನೇ ಬಿತ್ತುತ್ತಾನೆ. ಅವನು ದಡ್ಡನೆಂದಲ್ಲ. ಬೆಳೆ ಕೈಕೊಟ್ಟರೆ ನಷ್ಟ ಅವನದು, ಭಾಷಣ ಮಾಡಿದ ನಮ್ಮದಲ್ಲ. ಆದ್ದರಿಂದಲೇ ಪ್ರಾತ್ಯಕ್ಷಿಕೆ ತಾಕು ಎಂಬ ಕ್ರಮ ಬಂದದ್ದು. ಊರಿನಲ್ಲಿ ನಾಲ್ಕು ಜನ ಗೌರವಿಸುವ ರೈತನೊಬ್ಬ ರಸ್ತೆ ಬದಿಯ ತನ್ನ ಸ್ವಂತ ಗದ್ದೆಯಲ್ಲಿ ಹೊಸ ತಳಿ ಹಾಕುತ್ತಾನೆ. ಹೋಗುವವರು ಬರುವವರು ನಿಂತು ನೋಡುತ್ತಾರೆ, ತೆನೆ ಮುಟ್ಟಿ ನೋಡುತ್ತಾರೆ. ಮರುವರ್ಷ ಬೀಜ ಕೇಳಿಕೊಂಡು ಅವರೇ ಬರುತ್ತಾರೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ಶಿಫಾರಸು ಮಾಡಿದರು. ಕೊನೆಗೆ ಕೊಟ್ಟೆ ಕಟ್ಟುವುದೇ ರೂಢಿಯಾಗಿದ್ದ ಮಲೆನಾಡಿನಲ್ಲಿ ಆ ನೀಲಿ ಮದ್ದು ಇಂದು ಮನೆಮಾತು. ಕಾಗದದ ಮೇಲಿನ ಶಿಫಾರಸಿನಿಂದ ಇದು ಆಗಲಿಲ್ಲ, ಕಣ್ಣೆದುರಿನ ಫಲದಿಂದ ಆಯಿತು.

ಈ ತಾಕಿಗೆ ಮೂರು ಗುಣಗಳಿರಬೇಕು. ಒಂದು, ಹೊಲ ಅವನ ಸ್ವಂತದ್ದಾಗಿರಬೇಕು, ಅಂದರೆ ನಷ್ಟವೂ ಅವನದೇ ಆಗಬೇಕು. ಎರಡು, ಎಲ್ಲರಿಗೂ ಕಾಣುವ ಜಾಗದಲ್ಲಿರಬೇಕು. ಮೂರು, ನಮಗೆಲ್ಲ ಸಿಗುವ ಬೀಜ, ಗೊಬ್ಬರವನ್ನೇ ಅವನೂ ಬಳಸಿರಬೇಕು. ಲಸಿಕೆಯ ವಿಷಯದಲ್ಲಿ ಊರಿನ ಪ್ರಾತ್ಯಕ್ಷಿಕೆ ತಾಕೆಂದರೆ ಮುಖಂಡನ ತೋಳು. ಪಲ್ಸ್ ಪೋಲಿಯೋ ದಿನ ಮಂತ್ರಿಗಳು, ಶಾಸಕರು ಯಾರದೋ ಮಗುವಿನ ಬಾಯಿಗೆ ಎರಡು ಹನಿ ಹಾಕುವ ಚಿತ್ರವನ್ನು ನಾವೆಲ್ಲ ಕಂಡಿದ್ದೇವೆ. ಅದೂ ಒಳ್ಳೆಯದೇ. ಆದರೆ ದೊಡ್ಡವರಿಗೆ ಹಾಕುವ ಲಸಿಕೆಗೆ ಆ ಚಿತ್ರ ಸಾಲದು. ಅಲ್ಲಿ ಅವರದೇ ತೋಳು ಬೇಕು.

ಅರಮನೆಯಿಂದ ಬಂದ ಉದಾಹರಣೆ

ಇದು ಹೊಸ ಮಾತಲ್ಲ. ಎಡ್ವರ್ಡ್ ಜೆನ್ನರ್ 1796ರಲ್ಲಿ ದನದ ಸಿಡುಬಿನ ಕೀವಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದ. ವ್ಯಾಕ್ಸಿನ್ ಎಂಬ ಪದವೇ ಲ್ಯಾಟಿನ್ ಭಾಷೆಯ ಹಸುವಿನ ಹೆಸರಿನಿಂದ ಬಂದದ್ದು. 1802ರಲ್ಲಿ ಆ ಲಸಿಕೆ ಮುಂಬಯಿಗೆ ತಲುಪಿತು. ದನದಿಂದ ಬಂದ ಕೀವನ್ನು ಮೈಗೆ ಸೇರಿಸಿಕೊಳ್ಳಲು ಜನ ಅಂಜಿದ್ದು ಸಹಜವೇ. ಆಗ ಮೈಸೂರು ಅರಮನೆ ಮುಂದೆ ಬಂತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಮನೆತನದಲ್ಲಿ ರಾಣಿ ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡರು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ರಾಣಿಯರ ಚಿತ್ರವೊಂದಿದೆ. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳನ್ನು ಬೆರಳಿನಿಂದ ತೋರಿಸುತ್ತಿದ್ದಾರೆ. ಅವರು ದೇವಾಜಮ್ಮಣ್ಣಿಯೇ, ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನೇ ಎಂಬುದು ಆ ಚಿತ್ರವನ್ನು ಅಭ್ಯಾಸ ಮಾಡಿದ ಇತಿಹಾಸಕಾರರ ಅಭಿಪ್ರಾಯ.

ಅಂತಃಪುರದ ಹೆಣ್ಣುಮಗಳು ಪರಕೀಯ ಚಿತ್ರಕಾರನ ಎದುರು ತೋಳು ತೋರಿಸುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಅರಮನೆಯವರೇ ಹಾಕಿಸಿಕೊಂಡಿದ್ದಾರೆ, ನಮಗೇನು ಭಯ ಎಂಬ ಮಾತನ್ನು ಆ ಬೆರಳು ಹೇಳಿತು. ಇಂದು ರಾಜರಿಲ್ಲ. ಆ ಸ್ಥಾನದಲ್ಲಿ ನಾವು ಆರಿಸಿದವರಿದ್ದಾರೆ.

2021ರಲ್ಲಿ ಕಂಡದ್ದು

ಕೋವಿಡ್ ಲಸಿಕೆ ನಮ್ಮ ದೇಶದಲ್ಲಿ ಆರಂಭವಾದದ್ದು 2021ರ ಜನವರಿ 16ರಂದು, ಮೊದಲು ಆರೋಗ್ಯ ಸಿಬ್ಬಂದಿಗೆ. ಮಾರ್ಚ್ 1ರಂದು 60 ವರ್ಷ ದಾಟಿದವರಿಗೆ ಬಾಗಿಲು ತೆರೆಯಿತು. ಅದೇ ದಿನ ಪ್ರಧಾನಿ ನರೇಂದ್ರ ಮೋದಿಯವರು ದೆಹಲಿಯ ಏಮ್ಸ್ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಂಡರು, ಆ ಚಿತ್ರವನ್ನು ದೇಶವೆಲ್ಲ ಕಂಡಿತು. ಆಗಬೇಕಾದದ್ದು ಹೀಗೆ.

ಮರುದಿನವೇ ನಮ್ಮ ರಾಜ್ಯದಲ್ಲಿ ಬೇರೊಂದು ನಡೆಯಿತು. ಅಂದಿನ ಕೃಷಿ ಸಚಿವ ಬಿ.ಸಿ. ಪಾಟೀಲರು ಹಿರೇಕೆರೂರಿನ ತಮ್ಮ ಮನೆಗೇ ಆರೋಗ್ಯ ಸಿಬ್ಬಂದಿಯನ್ನು ಕರೆಸಿ ಲಸಿಕೆ ಹಾಕಿಸಿಕೊಂಡರು. ಮನೆಯಲ್ಲಿ ಹಾಕಲು ಆಗ ನಿಯಮದಲ್ಲಿ ಅವಕಾಶವಿರಲಿಲ್ಲ. ತಾವು ಆಸ್ಪತ್ರೆಗೆ ಹೋದರೆ ಜನರಿಗೆ ತೊಂದರೆ ಎಂಬುದು ಅವರ ಸಮಜಾಯಿಷಿ. ಆದರೆ ಅಮಾನತಿಗೆ ಗುರಿಯಾದವರು ತಾಲ್ಲೂಕು ಆರೋಗ್ಯಾಧಿಕಾರಿ. ಸಚಿವರು ಲಸಿಕೆಯನ್ನು ನಂಬಿದ್ದರು, ಹಾಕಿಸಿಕೊಂಡರು, ಅದರಲ್ಲಿ ಸಂಶಯವಿಲ್ಲ. ಆದರೂ ತಾಕು ಕೆಟ್ಟಿತು. ಸರದಿಯಲ್ಲಿ ನಿಂತ ರೈತನಿಗೆ ಅವರು ಕಾಣಲಿಲ್ಲ. ಅವನಿಗೆ ಒಂದು ದಾರಿ, ದೊಡ್ಡವರಿಗೆ ಇನ್ನೊಂದು ಎಂಬುದಷ್ಟೇ ಕಂಡಿತು. ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕೃಷಿ ಸಚಿವರು ಹದಿನೈದು ನಿಮಿಷ ಕುಳಿತಿದ್ದರೆ ಅದು ನೂರು ಭಿತ್ತಿಪತ್ರಗಳಿಗೆ ಸಮವಾಗುತ್ತಿತ್ತು.

ಆ ದಿನಗಳಲ್ಲಿ ಹಳ್ಳಿಗಳಲ್ಲಿ ಎಂಥ ಮಾತುಗಳು ಹರಿದಾಡುತ್ತಿದ್ದವು ಎಂಬುದು ನಿಮಗೂ ನೆನಪಿರಬಹುದು. ಹಾಕಿಸಿಕೊಂಡವರಿಗೆ ಮಕ್ಕಳಾಗುವುದಿಲ್ಲ, ಎರಡು ವರ್ಷಗಳಲ್ಲಿ ಸಾಯುತ್ತಾರೆ ಎನ್ನುತ್ತಿದ್ದರು. ಕೃಷಿ ಕೆಲಸಕ್ಕೆಂದು ಹೋದ ನಮ್ಮನ್ನೂ ಅಂಗಳದಲ್ಲಿ ಕೂರಿಸಿ ಇದನ್ನೇ ಕೇಳುತ್ತಿದ್ದರು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದದ್ದು 2020ರ ಡಿಸೆಂಬರಿನಲ್ಲಿ. ಲಸಿಕೆ ಬರುವ ತಿಂಗಳ ಮೊದಲಷ್ಟೇ ಅಭ್ಯರ್ಥಿಗಳು ಪ್ರತಿ ಮನೆಯ ಮೆಟ್ಟಿಲು ಹತ್ತಿದ್ದರು. ಯಾವ ಮನೆಯಲ್ಲಿ ಎಷ್ಟು ಮತವಿದೆ, ಯಾರ ಮಾತು ನಡೆಯುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆ ತಿಳಿವಳಿಕೆ ಯಾವ ಇಲಾಖೆಯ ಕಡತದಲ್ಲೂ ಸಿಗದು. ಮತಕ್ಕಾಗಿ ಮೂರು ಸಲ ಬಂದವರು ಲಸಿಕೆಗಾಗಿ ಒಂದು ಸಲವಾದರೂ ಬರಬೇಕಲ್ಲವೆ? ಬಂದವರೂ ಇದ್ದರು, ಅವರಿಗೆ ನಮಸ್ಕಾರ. ಎಲ್ಲರೂ ಬರಲಿಲ್ಲ.

ದಾಸ್ತಾನಿನ ಮಾತೂ ಇದೆ. ಮೇ 1ರಿಂದ 18 ತುಂಬಿದವರಿಗೆಲ್ಲ ಲಸಿಕೆ ಎಂದು ಘೋಷಣೆಯಾಯಿತು. ಆದರೆ ಲಸಿಕೆ ಸಾಲದೆ ನಮ್ಮ ರಾಜ್ಯದಲ್ಲಿ ಮೇ 14ರಿಂದ 18-44ರ ವಯಸ್ಸಿನವರಿಗೆ ಕೆಲಕಾಲ ನಿಲ್ಲಿಸಬೇಕಾಯಿತು. ಬೀಜವಿಲ್ಲದೆ ಬಿತ್ತನೆಗೆ ಕರೆದರೆ ಮುಂದಿನ ಸಲ ರೈತ ಬರುವುದಿಲ್ಲ. ಇಂದು ಇಲ್ಲ, ಇಂಥ ದಿನ ಬರುತ್ತದೆ ಎಂದು ಮುಖ ಕೊಟ್ಟು ಹೇಳುವುದೂ ಪ್ರತಿನಿಧಿಯ ಕೆಲಸವೇ.

ನಾಲಿಗೆಯ ತೂಕ

ತೋಳು ತೋರಿಸಿದರಷ್ಟೇ ಸಾಲದು, ನಾಲಿಗೆಯನ್ನೂ ಹಿಡಿದಿರಬೇಕು. 2025ರ ಬೇಸಿಗೆ ಮುಗಿಯುವ ಹೊತ್ತಿಗೆ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ್ದೂ ಒಂದು ಕಾರಣವಿರಬಹುದು ಎಂಬ ಅರ್ಥದ ಮಾತನ್ನಾಡಿದರು. ಅಂಥ ಸಂಬಂಧ ಅಧ್ಯಯನಗಳಲ್ಲಿ ಕಂಡುಬಂದಿಲ್ಲವೆಂದು ಕೇಂದ್ರ ಆರೋಗ್ಯ ಇಲಾಖೆ ಮರುದಿನವೇ ಹೇಳಿತು. ರಾಜ್ಯ ಸರಕಾರವೇ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ನೇಮಿಸಿದ್ದ ತಜ್ಞರ ಸಮಿತಿಯೂ ಲಸಿಕೆಗೂ ಈ ಹೃದಯದ ತೊಂದರೆಗಳಿಗೂ ನೇರ ಸಂಬಂಧ ಕಾಣಲಿಲ್ಲವೆಂದಿತು.

ತನಿಖೆ ಮಾಡಿಸಿದ್ದು ಸರಿಯಾದ ಕ್ರಮ. ತನಿಖೆಯ ಫಲ ಬರುವ ಮೊದಲೇ ಸಂಶಯ ಬಿತ್ತಿದ್ದು ಸರಿಯಲ್ಲ. ಕಳೆಯ ಬೀಜ ಗಾಳಿಗೆ ಹಾರಿದಷ್ಟು ಸುಲಭವಾಗಿ ಒಳ್ಳೆಯ ಬೀಜ ಹಾರುವುದಿಲ್ಲ. ಮುಖ್ಯಮಂತ್ರಿಗಳ ಮಾತು ಮನೆಮನೆಗೆ ತಲುಪಿತು. ಸಮಿತಿಯ ವರದಿ ಎಷ್ಟು ಮನೆಗಳಿಗೆ ತಲುಪಿತೋ ನೀವೇ ಹೇಳಿ.

ನಾನು ಸರಕಾರಿ ನೌಕರ. ಪಕ್ಷದ ಮಾತಾಡುವುದು ನನ್ನ ಕೆಲಸವಲ್ಲ, ಆಸೆಯೂ ಇಲ್ಲ. ಮೇಲಿನ ಎರಡು ಉದಾಹರಣೆಗಳು ಎರಡು ಬೇರೆ ಪಕ್ಷಗಳಿಗೆ ಸೇರಿದವು. ಪಾಠ ಮಾತ್ರ ಒಂದೇ.

ಹೊರದೇಶದ ಒಂದು ಮಾತನ್ನೂ ಸೇರಿಸುತ್ತೇನೆ. ಆಫ್ರಿಕದ ತಾಂಜಾನಿಯದಲ್ಲಿ 2021ರ ಜನವರಿಯಲ್ಲಿ ಅಧ್ಯಕ್ಷ ಜಾನ್ ಮಗುಫುಲಿ ಕೋವಿಡ್ ಲಸಿಕೆಗಳು ಬೇಡವೆಂಬಂತೆ ಬಹಿರಂಗವಾಗಿ ಮಾತಾಡಿದರು. ದೇಶಕ್ಕೆ ಲಸಿಕೆ ತರಿಸಲೂ ಇಲ್ಲ. ಮಾರ್ಚಿನಲ್ಲಿ ಅವರು ತೀರಿಕೊಂಡರು. ಹೃದಯದ ಕಾಯಿಲೆಯಿಂದ ಎಂದು ಸರಕಾರ ತಿಳಿಸಿತು. ನಂತರ ಬಂದ ಸಾಮಿಯಾ ಸುಲುಹು ಹಸನ್ ಎಂಬ ಮಹಿಳೆ ಜುಲೈ 28ರಂದು ಎಲ್ಲರೆದುರು ತಾವೇ ಲಸಿಕೆ ಹಾಕಿಸಿಕೊಂಡು ದೇಶದ ಲಸಿಕೆ ಕಾರ್ಯಕ್ರಮವನ್ನು ಆರಂಭಿಸಿದರು. ಜನ ಅವರೇ, ದೇಶ ಅದೇ. ಮೇಲಿದ್ದವರ ನಿಲುವು ಬದಲಾದಾಗ ಲಸಿಕೆಯ ಬಾಗಿಲು ತೆರೆಯಿತು.

ಮಂಗನ ಕಾಯಿಲೆ: ನಮ್ಮ ಬೆಟ್ಟದ ಪ್ರಶ್ನೆ

ಈಗ ನಮ್ಮ ಊರಿಗೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದಾಗ ಈ ರೋಗ ಗುರುತಿಗೆ ಬಂತು. ಉಣುಗು ಕಚ್ಚುವುದರಿಂದ ವೈರಾಣು ಮೈಸೇರುತ್ತದೆ. ಹೆಚ್ಚಾಗಿ ನವೆಂಬರ್, ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ. ಅಡಿಕೆ ಕೊಯ್ಲು, ದರಕು ಗುಡಿಸುವುದು, ಸೊಪ್ಪು ತರುವುದು, ಸೌದೆ ಕೂಡಿಸುವುದು ಎಲ್ಲವೂ ಇದೇ ತಿಂಗಳುಗಳಲ್ಲಿ. ರೋಗ ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಉಳಿದವರಲ್ಲೂ ಅನೇಕರು ವಾರಗಟ್ಟಲೆ ಎದ್ದು ಕೆಲಸ ಮಾಡಲಾರರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು, 2024ರಲ್ಲಿ ನಮ್ಮ ಸಿದ್ದಾಪುರ ತಾಲ್ಲೂಕಿನ ಕೊರ್ಲಕೈ ಭಾಗ ಇದರಿಂದ ಬಹಳ ನೊಂದವು.

ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಆದ್ದರಿಂದ ನೆರೆಯವರು ಲಸಿಕೆ ಹಾಕಿಸಿಕೊಂಡರು ಎಂದು ನಮಗೆ ರಕ್ಷಣೆ ಸಿಗದು. ಬೆಟ್ಟಕ್ಕೆ ಹೋಗುವ ಪ್ರತಿಯೊಬ್ಬರೂ ತಮ್ಮ ಬೇಲಿಯನ್ನು ತಾವೇ ಹಾಕಿಕೊಳ್ಳಬೇಕು. ಬೆಟ್ಟದ ಕೆಲಸಕ್ಕೆ ಹೆಚ್ಚಾಗಿ ಹೋಗುವವರು ಕೂಲಿಯವರು, ಅವರಲ್ಲೂ ಹೆಂಗಸರು.

1990ರಿಂದ ಇದಕ್ಕೊಂದು ಲಸಿಕೆ ಬಳಕೆಯಲ್ಲಿತ್ತು. ತಯಾರಾಗುತ್ತಿದ್ದುದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ. ತಿಂಗಳ ಅಂತರದಲ್ಲಿ ಎರಡು ಸಲ, 6ರಿಂದ 9 ತಿಂಗಳಲ್ಲಿ ಮತ್ತೊಂದು, ಆಮೇಲೆ ವರ್ಷಕ್ಕೊಂದರಂತೆ ಹಾಕಿಸಿಕೊಳ್ಳಬೇಕಿತ್ತು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರೀಕ್ಷಿಸಿದಾಗ ಎರಡು ಸಲ ಹಾಕಿಸಿಕೊಂಡವರಿಗೆ ಶೇಕಡಾ 62ರಷ್ಟು, ಮೂರನೆಯದನ್ನೂ ಹಾಕಿಸಿಕೊಂಡವರಿಗೆ ಶೇಕಡಾ 83ರಷ್ಟು ರಕ್ಷಣೆ ಸಿಕ್ಕಿದ್ದು ಕಂಡುಬಂತು. ಆದರೆ ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ಮೊದಲನೆಯದಕ್ಕೆ ಬಂದವರಲ್ಲಿ ಅನೇಕರು ಎರಡನೆಯದಕ್ಕೆ ಬರಲಿಲ್ಲ, ಮೂರನೆಯದಕ್ಕೆ ಇನ್ನೂ ಕಡಿಮೆ. ಒಂದು ದಿನದ ಕೂಲಿ ಬಿಟ್ಟು ಬಂದು, ತೋಳು ನೋಯಿಸಿಕೊಂಡು, ಮರುದಿನದ ಕೂಲಿಯನ್ನೂ ಕಳೆದುಕೊಂಡ ಹೆಣ್ಣುಮಗಳನ್ನು ನಾವು ದೂರುವಂತಿಲ್ಲ. ಆದರೆ ಅವಳ ಜತೆ ನಿಂತು, ನೋವು ನಿಜ ತಂಗಿ, ನನಗೂ ಆಗಿದೆ, ಮೂರೂ ಮುಗಿಸೋಣ ಎಂದು ಹೇಳುವ ಮುಖಂಡರು ಇದ್ದರೆ ಲೆಕ್ಕ ಬೇರೆಯಾಗುತ್ತಿತ್ತು.

ಕೊನೆಕೊನೆಗೆ ಲಸಿಕೆಯ ಶಕ್ತಿಯೇ ಕುಂದಿದೆ ಎಂಬ ಕಾರಣಕ್ಕೆ 2022ರಲ್ಲಿ ಅದರ ಬಳಕೆ ನಿಂತಿತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೂ ಸೇರಿ ಹೊಸ ಲಸಿಕೆಯ ಕೆಲಸ ಕೈಗೊಂಡಿವೆ. ಹೈನುಗಾರರಿಗೆ ಇದು ಅಪರಿಚಿತ ಸಂಸ್ಥೆಯಲ್ಲ. ದನಗಳ ಕಾಲುಬಾಯಿ ರೋಗದ ಲಸಿಕೆಗಾಗಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ 1980ರ ದಶಕದ ಆರಂಭದಲ್ಲಿ ಕಟ್ಟಿದ್ದು. ಪ್ರಯೋಗಗಳು ಪೂರ್ತಿಯಾಗಿ, ಸುರಕ್ಷಿತವೆಂದು ಒಪ್ಪಿಗೆಯಾದ ಮೇಲೆ ಆ ಲಸಿಕೆ ನಮ್ಮ ಊರುಗಳಿಗೆ ಬಂದೀತು. ಅಲ್ಲಿಯವರೆಗೆ ಬೆಟ್ಟಕ್ಕೆ ಹೋಗುವಾಗ ಡೀಪಾ ತೈಲ ಹಚ್ಚಿಕೊಳ್ಳುವುದು, ಮೈತುಂಬ ಬಟ್ಟೆ ತೊಡುವುದು, ಬಂದೊಡನೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಕೂಡಲೇ ತಿಳಿಸುವುದು ಇವನ್ನು ಬಿಡುವಂತಿಲ್ಲ.

ಹೊಸ ಲಸಿಕೆ ಬರುವ ದಿನ ಹಳೆಯ ನೋವಿನ ನೆನಪು, ಹಳೆಯ ಲಸಿಕೆ ಸೋತ ನೆನಪು, ಕೋವಿಡ್ ಕಾಲದ ಗಾಳಿಸುದ್ದಿ ಮೂರೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಅಂದು ಆರೋಗ್ಯ ಉಪಕೇಂದ್ರದ ಒಬ್ಬ ದಾದಿ ಅವನ್ನೆಲ್ಲ ಎದುರಿಸಬೇಕೆ?

ಎರಡು ಆಕ್ಷೇಪಗಳು

ರಾಜಕಾರಣಿ ವೈದ್ಯನಲ್ಲ, ಅವನ ಮಾತಿಗೇನು ಬೆಲೆ ಎಂದು ಕೆಲವರು ಕೇಳುತ್ತಾರೆ. ನಿಜ, ಅವನು ವೈದ್ಯನಲ್ಲ. ಆದ್ದರಿಂದಲೇ ವೈದ್ಯರು ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚೂ ಕಡಿಮೆಯೂ ಅವನು ಹೇಳಬಾರದು. ಅವನ ಕೆಲಸ ಚಿಕಿತ್ಸೆಯಲ್ಲ, ಜಾಮೀನು. ಸಾಲಕ್ಕೆ ಜಾಮೀನು ನಿಲ್ಲುವವನು ಬ್ಯಾಂಕಿನವನಾಗಿರಬೇಕಿಲ್ಲ, ಊರಿನಲ್ಲಿ ಮುಖವಿದ್ದವನಾದರೆ ಸಾಕು.

ಅಡ್ಡಪರಿಣಾಮವಾದರೆ ಮುಖಂಡನಿಗೆ ಕೆಟ್ಟ ಹೆಸರಲ್ಲವೇ ಎಂಬುದು ಇನ್ನೊಂದು ಮಾತು. ಯಾವ ಲಸಿಕೆಯೂ ಪೂರ್ತಿ ನಿರಪಾಯವಲ್ಲ; ಜ್ವರ, ಮೈನೋವು ಸಾಮಾನ್ಯ, ತೀರ ಅಪರೂಪಕ್ಕೆ ದೊಡ್ಡ ತೊಂದರೆಯೂ ಉಂಟು. ಇದನ್ನು ಮುಚ್ಚಿಟ್ಟವನಿಗೇ ಕೆಟ್ಟ ಹೆಸರು ಬರುವುದು. ಮೊದಲೇ ಹೇಳಿದವನ ಮಾತು ಮುಂದೆಯೂ ನಡೆಯುತ್ತದೆ. ಬೋರ್ಡೋ ತಯಾರಿಸುವಾಗ ಸುಣ್ಣ ಕಡಿಮೆಯಾದರೆ ಬೆಳೆಗೆ ಸುಡುತ್ತದೆ ಎಂದು ನಾವು ಎಚ್ಚರಿಸುವುದಿಲ್ಲವೆ? ಅದರಿಂದ ಯಾರೂ ಮದ್ದು ಬಿಟ್ಟಿಲ್ಲ.

ನಾವು ಕೇಳಬೇಕಾದದ್ದು

ಪ್ರತಿನಿಧಿಗಳನ್ನು ದೂರಿ ಸುಮ್ಮನಾದರೆ ಫಲವಿಲ್ಲ. ಏನು ಬೇಕೆಂದು ನಾವೇ ಸ್ಪಷ್ಟವಾಗಿ ಕೇಳಬೇಕು.

1. ಶಾಸಕರು, ಸಂಸದರು, ಪಂಚಾಯಿತಿ ಅಧ್ಯಕ್ಷರು, ಸದಸ್ಯರು ತಮ್ಮ ಸರದಿ ಬಂದ ದಿನವೇ ತಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಎಲ್ಲರ ಸಾಲಿನಲ್ಲಿ ನಿಂತು ಲಸಿಕೆ ಹಾಕಿಸಿಕೊಳ್ಳಬೇಕು. ಸರದಿ ಹಾರುವುದೂ ಬೇಡ, ಮನೆಗೆ ಕರೆಸುವುದೂ ಬೇಡ.

2. ಎರಡನೆಯ, ಮೂರನೆಯ ಚುಚ್ಚುಮದ್ದಿಗೂ ಅದೇ ರೀತಿ ಬರಬೇಕು. ಜನ ಬಿಟ್ಟುಹೋಗುವುದು ಅಲ್ಲಿಯೇ.

3. ಆಡಳಿತ ಪಕ್ಷ, ವಿರೋಧ ಪಕ್ಷ ಎರಡರವರೂ ಒಂದೇ ದಿನ ಒಂದೇ ಕೇಂದ್ರಕ್ಕೆ ಬರಲಿ. ಲಸಿಕೆ ಒಂದು ಪಕ್ಷದ್ದೆಂದಾದರೆ ಇನ್ನೊಂದು ಪಕ್ಷದ ಮನೆಗಳು ಹೊರಗುಳಿಯುತ್ತವೆ.

4. ಸಂಶಯವಿದ್ದರೆ ಮೊದಲು ತಜ್ಞರನ್ನು ಕೇಳಲಿ, ಸದನದಲ್ಲಿ ಕೇಳಲಿ. ಉತ್ತರ ಬಂದ ಮೇಲೆ ವೇದಿಕೆಯಲ್ಲಿ ಮಾತಾಡಲಿ.

5. ಲಸಿಕೆ ದಿನದ ಕೂಲಿ ನಷ್ಟಕ್ಕೆ ಪರಿಹಾರ, ಹಾಡಿ ಕೇರಿಗಳಿಗೆ ಹೋಗಿ ಹಾಕುವ ವ್ಯವಸ್ಥೆ, ಸಾಕಷ್ಟು ದಾಸ್ತಾನು ಇವುಗಳಿಗಾಗಿ ಅವರು ಹೋರಾಡಲಿ. ಜನರಿಗೆ ಬುದ್ಧಿ ಹೇಳುವ ಹಕ್ಕು ಇದರಿಂದಲೇ ಬರುತ್ತದೆ.

ತೋಟದ ಯಜಮಾನರಿಗೂ ಒಂದು ಮಾತು. ನಿಮ್ಮ ಕೆಲಸಕ್ಕೆ ಬರುವವರ ಮುಂದೆ ನೀವೂ ಒಬ್ಬ ಮುಖಂಡರೇ. ಅವರ ಜತೆಗೇ ಹೋಗಿ ಹಾಕಿಸಿಕೊಳ್ಳಿ. ಆ ದಿನದ ಕೂಲಿ ಹಿಡಿಯಬೇಡಿ.

ಸ್ವರ್ಣವಲ್ಲಿಯ ಕೃಷಿ ಜಯಂತಿಯಿರಲಿ, ಶಿರಸಿಯ ಜಾತ್ರೆಯಿರಲಿ, ಸಹಕಾರಿ ಸಂಘದ ವಾರ್ಷಿಕ ಸಭೆಯಿರಲಿ, ನಮ್ಮ ಪ್ರತಿನಿಧಿಗಳು ವೇದಿಕೆಗೆ ಬರುತ್ತಾರೆ, ರಸ್ತೆ, ಸೇತುವೆ, ಅಡಿಕೆ ಧಾರಣೆಯ ಬಗ್ಗೆ ಮಾತಾಡುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಹೆಚ್ಚಾಗಿ ಕೇಳೋಣ: ಮಂಗನ ಕಾಯಿಲೆಯ ಹೊಸ ಲಸಿಕೆ ಎಲ್ಲಿಗೆ ಬಂತು, ಅದು ಬಂದ ದಿನ ನಮ್ಮ ಊರಿನ ಸಾಲಿನಲ್ಲಿ ತಾವು ಮೊದಲು ನಿಲ್ಲುತ್ತೀರಾ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸೋಣ. ಆ ದಿನ ಬಂದಾಗ ಪುಸ್ತಕ ತೆಗೆದು ತೋರಿಸಬಹುದು.